ಬಿಸಿಲು, ಧೂಳು, ಗುಹೆಯ ನೆರಳು: ಮೊದಲ ಕ್ಯಾಮೆರಾ ಆಗಿ ಕ್ಯಾನನ್ ಆರ್50

ವಿಜಯಪುರ, ಬಾಗಲಕೋಟೆ ಸೀಮೆಯಲ್ಲಿ ಮೊದಲ ಸಲ ಕ್ಯಾಮೆರಾ ಕೊಳ್ಳುವವರಿಗೆ ಕ್ಯಾನನ್ ಇಓಎಸ್ ಆರ್50 ಹೊಂದುತ್ತದೆಯೇ ಎಂದು ಕೇಳಿದರೆ, ಹೌದು. ಅಂಗಡಿಯವರು ಮುಂದಿಡುವ ಎರಡು ಲೆನ್ಸಿನ ದೊಡ್ಡ ಕಿಟ್ಟನ್ನೇ ತಗೊಳ್ಳಬೇಕೇ ಎಂದರೆ, ಬೇಡ. ಬಾಡಿ, ಅಂದರೆ ಲೆನ್ಸಿಲ್ಲದ ಬರೀ ಕ್ಯಾಮೆರಾ, ಯಾವುದು ಎಂಬುದಕ್ಕಿಂತ ಅದರ ಮೂತಿಗೆ ಯಾವ ಲೆನ್ಸ್ ಕೂರುತ್ತದೆ, ಅದು ಎಷ್ಟು ಬೆಳಕು ಒಳಗೆ ಬಿಡುತ್ತದೆ ಎಂಬುದೇ ನಿಮ್ಮ ಚಿತ್ರಗಳನ್ನು ಹೆಚ್ಚು ನಿರ್ಧರಿಸುತ್ತದೆ. ಹೊಸಬರು ಹಣವನ್ನೆಲ್ಲ ಬಾಡಿಯ ಮೇಲೆ ಸುರಿದು, ಲೆನ್ಸಿನ ಹೊತ್ತಿಗೆ ಕೈ ಖಾಲಿ ಮಾಡಿಕೊಳ್ಳುವುದೇ ಹೆಚ್ಚು.

ನಮ್ಮ ಕಡೆಯ ಬೆಳಕನ್ನು ಮೊದಲು ಲೆಕ್ಕ ಹಾಕಿ. ಲೆಕ್ಕಕ್ಕೆ ಮೂರು ಅಂಕಿ: ಐಎಸ್ಒ ಎಂದರೆ ಚಿತ್ರ ಹಿಡಿಯುವ ಸೆನ್ಸರ್ ಬೆಳಕಿಗೆ ಎಷ್ಟು ಸೂಕ್ಷ್ಮ ಎಂಬುದು, ಎಫ್ ಎಂದರೆ ಲೆನ್ಸಿನ ಕಿಂಡಿ (ಅಂಕಿ ಸಣ್ಣದಾದಷ್ಟೂ ಕಿಂಡಿ ದೊಡ್ಡದು), ಶಟರ್ ಎಂದರೆ ಬೆಳಕು ಒಳಬರುವ ಸಮಯ. ಮಧ್ಯಾಹ್ನದ ಬಿಸಿಲಿಗೆ ಪಟ್ಟದಕಲ್ಲಿನ ಅಂಗಳದಲ್ಲಿ ಐಎಸ್ಒ 100, ಎಫ್/8 ಇಟ್ಟರೆ ಶಟರ್ 1/400 ಸೆಕೆಂಡ್ ಮುಟ್ಟುತ್ತದೆ. ಅಲ್ಲಿ ಯಾವ ಕ್ಯಾಮೆರಾವೂ ಸೈ, ಮೊಬೈಲೂ ಸೈ. ಗೋಳಗುಮ್ಮಟದ ಒಳಗೆ ಹೋಗಿ ನಿಂತರೆ ಅದೇ ಕ್ಯಾಮೆರಾ ಹೆಚ್ಚುಕಡಿಮೆ ಐಎಸ್ಒ 3200, ಎಫ್/4.5, 1/30 ಸೆಕೆಂಡ್ ಕೇಳುತ್ತದೆ. ಹೊರಗಿನ ಬೆಳಕಿಗೂ ಒಳಗಿನದಕ್ಕೂ ಸಾವಿರ ಪಟ್ಟಿಗೂ ಮೀರಿದ ಅಂತರ. ಈ ಅಂತರವನ್ನು ದಾಟುವಾಗಲೇ ಮೊಬೈಲಿಗೂ ಕ್ಯಾಮೆರಾಕ್ಕೂ ಇರುವ ವ್ಯತ್ಯಾಸ ಕಾಣುವುದು. ಆರ್50ರ ಸೆನ್ಸರ್ 22.3 × 14.9 ಮಿಲಿಮೀಟರಿನದು. ಒಳ್ಳೆಯ ಮೊಬೈಲಿನ ಮುಖ್ಯ ಸೆನ್ಸರಿಗಿಂತ ಹಲವು ಪಟ್ಟು ದೊಡ್ಡದು. ಹಗಲು ಹೊತ್ತಿನಲ್ಲಿ ಮನೆಯವರ ಚಿತ್ರ ತೆಗೆದು ವಾಟ್ಸ್‌ಆ್ಯಪಿಗೆ ಹಾಕುವುದಷ್ಟೇ ಉದ್ದೇಶವಾದರೆ ಕ್ಯಾಮೆರಾ ಕೊಳ್ಳಲೇಬೇಡಿ. ಆ ದುಡ್ಡು ಉಳಿಯಲಿ.

ಕೈಯಲ್ಲಿ ಹಿಡಿದಾಗ

2023ರಲ್ಲಿ ಬಂದ ಈ ಕ್ಯಾಮೆರಾ 24.2 ಮೆಗಾಪಿಕ್ಸೆಲಿನದು. ಬ್ಯಾಟರಿ, ಕಾರ್ಡ್ ಸೇರಿ ತೂಕ ಸುಮಾರು 375 ಗ್ರಾಂ. ಕಿಟ್ಟಿನಲ್ಲಿ ಜೊತೆಗೆ ಬರುವ 18–45 ಮಿಲಿಮೀಟರಿನ ಲೆನ್ಸ್ (18 ಅಗಲ ನೋಟ, 45 ಹತ್ತಿರದ ನೋಟ) 130 ಗ್ರಾಂ. ಒಟ್ಟು ಅರ್ಧ ಕಿಲೋ. ಬಾದಾಮಿಯ ಮೆಟ್ಟಿಲು ಹತ್ತುವಾಗ ಕೊರಳಿಗೆ ಭಾರವಾಗದ ತೂಕ ಇದು. ಹಗುರಾಗಿರುವುದಕ್ಕೆ ತೆರಬೇಕಾದ ಬೆಲೆಯೂ ಇದೆ: ಹಿಡಿ ಸಣ್ಣದು. ದೊಡ್ಡ ಅಂಗೈಯವರಿಗೆ ಕಿರುಬೆರಳು ಕೆಳಗೆ ಜಾರುತ್ತದೆ. ಅಂಗಡಿಯಲ್ಲಿ ಬರೀ ಬಾಡಿ ಹಿಡಿದು ನೋಡಿದರೆ ಇದು ತಿಳಿಯುವುದಿಲ್ಲ. ಲೆನ್ಸ್ ಹಾಕಿಸಿ, ಪಟ್ಟಿ ಕೊರಳಿಗೆ ಹಾಕಿಕೊಂಡು, ಐದು ನಿಮಿಷ ಕಣ್ಣಿಗೆ ಹಿಡಿದೇ ನಿಲ್ಲಿ.

ಕಣ್ಣಿಟ್ಟು ನೋಡುವ ವ್ಯೂಫೈಂಡರ್ ಇರುವುದು ಈ ಕ್ಯಾಮೆರಾದ ದೊಡ್ಡ ಬಲ. ಇದೇ ಬೆಲೆಯ ಆಸುಪಾಸಿನಲ್ಲಿ ಸಿಗುವ ಸೋನಿ ಝಡ್‌ವಿ-ಇ10, ನಿಕಾನ್ ಝಡ್30 ಎರಡಕ್ಕೂ ವ್ಯೂಫೈಂಡರ್ ಇಲ್ಲ. ಅವು ವಿಡಿಯೋ ಮಾಡುವವರನ್ನು ಮನಸ್ಸಿನಲ್ಲಿಟ್ಟು ಮಾಡಿದ ಕ್ಯಾಮೆರಾಗಳು, ಆ ಕೆಲಸಕ್ಕೆ ಒಳ್ಳೆಯವೇ. ಆದರೆ ಏಪ್ರಿಲ್ ತಿಂಗಳ ವಿಜಯಪುರದಲ್ಲಿ ಹನ್ನೆರಡು ಗಂಟೆಗೆ ಹಿಂಬದಿ ಪರದೆ ನೋಡಿ ಚೌಕಟ್ಟು ಹೊಂದಿಸುವುದೆಂದರೆ ಕನ್ನಡಿಯಲ್ಲಿ ಬರೀ ಮುಖ ಕಂಡ ಹಾಗೆ. ಕಣ್ಣು ಮುಚ್ಚಿಕೊಳ್ಳುವ ರಬ್ಬರಿನ ಹಿಂದೆ ಚಿತ್ರ ಕಾಣುವುದು ಇಲ್ಲಿ ಶೋಕಿಯಲ್ಲ, ಅಗತ್ಯ.

ಕ್ಯಾನನ್ನಿನದೇ ಆರ್100 ಇನ್ನೂ ಅಗ್ಗ. ಅದರ ಪರದೆ ತಿರುಗುವುದಿಲ್ಲ, ಬೆರಳು ಮುಟ್ಟಿದರೂ ಸ್ಪಂದಿಸುವುದಿಲ್ಲ, ಫೋಕಸ್ ವ್ಯವಸ್ಥೆಯೂ ಹಳೆಯದು. ಮೊಬೈಲಿನಲ್ಲಿ ಬೆರಳಿಟ್ಟು ಫೋಕಸ್ ಮಾಡಿ ರೂಢಿಯಾದವರಿಗೆ ಆ ಉಳಿತಾಯ ಒಂದೇ ವಾರದಲ್ಲಿ ಚುಚ್ಚತೊಡಗುತ್ತದೆ. ಆರ್10 ಇದಕ್ಕಿಂತ ಮೇಲಿನದು: ಎರಡು ಡಯಲ್, ಫೋಕಸ್ ಬಿಂದು ಸರಿಸುವ ಸಣ್ಣ ಜಾಯ್‌ಸ್ಟಿಕ್, ಪೂರ್ತಿ ಯಾಂತ್ರಿಕ ಶಟರ್, ಹಳೆಯ ಫ್ಲ್ಯಾಶ್ ಕೂರುವ ಶೂ. ಮದುವೆ ಫೋಟೋ ಕೆಲಸಕ್ಕೆ ಇಳಿಯುವ ಯೋಚನೆ ಈಗಲೇ ಇದ್ದರೆ ಆರ್50 ಬಿಟ್ಟು ಆರ್10ಕ್ಕೆ ಹೋಗಿ. ಕಾರಣ ಫ್ಲ್ಯಾಶ್, ಅದನ್ನು ಮುಂದೆ ಹೇಳುತ್ತೇವೆ.

ಕಿಟ್ ಲೆನ್ಸಿನ ನಿಜವಾದ ಯೋಗ್ಯತೆ

18–45 ಎಫ್/4.5–6.3 ಲೆನ್ಸನ್ನು ಬೈಯುವವರು ಬಹಳ. ಅವರು ಹೇಳುವುದರಲ್ಲಿ ಅರ್ಧ ಮಾತ್ರ ಸರಿ. ಇದು ಮಡಚಿಕೊಳ್ಳುವ ಲೆನ್ಸ್. ಬಳಸುವ ಮುನ್ನ ಉಂಗುರ ತಿರುಗಿಸಿ ಹೊರಗೆ ತೆಗೆಯಬೇಕು. ತೆಗೆಯದೆ ಆನ್ ಮಾಡಿದರೆ ಪರದೆಯ ಮೇಲೆ ಎಚ್ಚರಿಕೆ ಬರುತ್ತದೆ, ಕ್ಯಾಮೆರಾ ಕೆಟ್ಟಿದೆ ಎಂದು ಗಾಬರಿ ಬೇಡ. ಕ್ಯಾಮೆರಾಕ್ಕೆ ಕೂರುವ ಭಾಗವಾದ ಮೌಂಟ್ ಪ್ಲಾಸ್ಟಿಕ್‌ದು. ಗಾಜಿಗೆ ಬಿಸಿಲು ಬೀಳದಂತೆ ತಡೆಯುವ ಹುಡ್ ಡಬ್ಬಿಯಲ್ಲಿ ಬರುವುದಿಲ್ಲ, ಬೇರೆ ಕೊಳ್ಳಬೇಕು. ಫಿಲ್ಟರ್ ಅಳತೆ 49 ಮಿಲಿಮೀಟರ್.

ಇದರ ಒಳ್ಳೆಯ ಗುಣ ಕೈನಡುಕ ತಡೆಯುವ ಶಕ್ತಿ. ಲೆನ್ಸಿನೊಳಗಿನ ಐಎಸ್ ನಾಲ್ಕು ಸ್ಟಾಪಿನದು (ಒಂದೊಂದು ಸ್ಟಾಪಿಗೆ ಶಟರಿನ ಸಮಯ ದುಪ್ಪಟ್ಟು ಮಾಡಬಹುದು) ಎಂದು ಕಂಪನಿ ಹೇಳುತ್ತದೆ. ಬಾಡಿಯೊಳಗೆ ಅಂಥ ವ್ಯವಸ್ಥೆ ಇಲ್ಲದ್ದರಿಂದ ಇದೇ ಆಸರೆ. 18ರ ಕೊನೆಯಲ್ಲಿ ಮೊಣಕೈ ಪಕ್ಕೆಗೆ ಒತ್ತಿ, ಉಸಿರು ಹಿಡಿದು ತೆಗೆದರೆ 1/8 ಸೆಕೆಂಡಿನಲ್ಲೂ ಕಲ್ಲು ಸ್ಪಷ್ಟವಾಗಿ ಬರುತ್ತದೆ. ಆಗ ಗೋಳಗುಮ್ಮಟದ ಒಳಗೆ ಐಎಸ್ಒ 3200 ಬೇಕಾಗಿದ್ದ ಕಡೆ 800 ಸಾಕು. ಮೂರು ನಾಲ್ಕು ಸಲ ಕ್ಲಿಕ್ಕಿಸಿ, ಒಂದಾದರೂ ಅಲುಗದೆ ಬಂದಿರುತ್ತದೆ. ಕಲ್ಲು ನಡೆದಾಡುವುದಿಲ್ಲ, ಅದಕ್ಕೇ ಸ್ಮಾರಕಗಳಿಗೆ ಈ ಲೆನ್ಸ್ ಸಾಕು. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡಿಗೆ ಮೊದಲೇ ಅನುಮತಿ ಪಡೆಯಬೇಕಾದ್ದರಿಂದ ಐಎಸ್ ಇರುವ ಲೆನ್ಸಿನ ಬೆಲೆ ಇಲ್ಲಿ ಇನ್ನೂ ಹೆಚ್ಚು.

ಅಗಲದ ವಿಷಯಕ್ಕೆ ಬಂದರೆ ತುಸು ಕೊರತೆ. ಈ ಸೆನ್ಸರಿನ ಮೇಲೆ 18 ಮಿಲಿಮೀಟರ್ ಎಂದರೆ ಹಳೆಯ ಫಿಲ್ಮ್ ಲೆಕ್ಕದಲ್ಲಿ ಸುಮಾರು 29. ಕ್ಯಾಮೆರಾವನ್ನು ಉದ್ದುದ್ದ ತಿರುಗಿಸಿ, ಮೇಲಕ್ಕೆ ಎತ್ತದೆ ನೆಟ್ಟಗೆ ಹಿಡಿದರೆ, ಸುಮಾರು 50 ಮೀಟರ್ ಎತ್ತರದ ಗೋಳಗುಮ್ಮಟ ಪೂರ್ತಿ ಹಿಡಿಸಲು 80 ಮೀಟರಿನಷ್ಟು ಹಿಂದೆ ಸರಿಯಬೇಕು. ಎದುರಿನ ಉದ್ಯಾನದಲ್ಲಿ ಅಷ್ಟು ಜಾಗ ಇದೆ. ಹತ್ತಿರ ನಿಂತು ಕ್ಯಾಮೆರಾ ಮೇಲೆತ್ತಿದರೆ ಮೂಲೆಯ ಗೋಪುರಗಳು ಒಳಮುಖವಾಗಿ ವಾಲುತ್ತವೆ. ಅದು ಲೆನ್ಸಿನ ದೋಷವಲ್ಲ, ಸೆನ್ಸರು ಗೋಡೆಗೆ ಸಮಾನಾಂತರವಾಗಿ ಇಲ್ಲದ್ದರಿಂದ ಆಗುವಂಥದ್ದು. ಐಹೊಳೆಯ ದುರ್ಗ ಗುಡಿಯ ಪ್ರದಕ್ಷಿಣೆ ಪಡಸಾಲೆಯಲ್ಲಿ, ಇಬ್ರಾಹಿಂ ರೋಜಾದ ಕಮಾನುಗಳ ಕೆಳಗೆ ಹಿಂದೆ ಸರಿಯಲು ಜಾಗವೇ ಇಲ್ಲ. ಅಲ್ಲಿ 18 ಸಾಲದು. ವಾಸ್ತುಶಿಲ್ಪವೇ ನಿಮ್ಮ ಒಲವಾದರೆ ಮುಂದೆ 10–18 ಲೆನ್ಸ್ ನೋಡಿ, ಬರೀ 150 ಗ್ರಾಂ, ಅದಕ್ಕೂ ಐಎಸ್ ಇದೆ. ನಿಕಾನಿನ ಝಡ್50, ಝಡ್50-2ರ ಜೊತೆ ಬರುವ 16–50 ಲೆನ್ಸ್ ಈ ವಿಷಯದಲ್ಲಿ ಕ್ಯಾನನ್ನಿಗಿಂತ ಮೇಲು: ನಿಕಾನ್ ಸೆನ್ಸರಿಗೆ ಅನ್ವಯಿಸುವ 1.5 ಪಟ್ಟಿನ ಫಿಲ್ಮ್ ಲೆಕ್ಕದಲ್ಲಿ 24 ಮಿಲಿಮೀಟರಿನ ಅಗಲ ಸಿಗುತ್ತದೆ. ಝಡ್50-2ರ ಹಿಡಿಯೂ ದಿಟ್ಟವಾಗಿದೆ. ಬೆಲೆ ಹೆಚ್ಚು, ತೂಕವೂ ಹೆಚ್ಚು.

ಕಿಟ್ ಲೆನ್ಸ್ ಕೈಕೊಡುವುದು ಮನುಷ್ಯರ ಮುಂದೆ. ರಾತ್ರಿ ದೊಡ್ಡಾಟದ ರಂಗದ ಮೇಲೆ ಪಾತ್ರಧಾರಿ ಕುಣಿಯುವಾಗ 1/125ಕ್ಕಿಂತ ನಿಧಾನದ ಶಟರಿಗೆ ಮುಖ, ಕೈ ಎರಡೂ ಕಲಸಿಹೋಗುತ್ತವೆ. ಐಎಸ್ ನಿಮ್ಮ ಕೈಯನ್ನು ನಿಲ್ಲಿಸುತ್ತದೆ, ಕುಣಿಯುವವನನ್ನಲ್ಲ. 45ರ ಕೊನೆಯಲ್ಲಿ ಎಫ್/6.3 ಮಾತ್ರ ಸಿಗುವುದರಿಂದ ಐಎಸ್ಒ 12800 ತನಕ ಹೋಗಬೇಕಾಗುತ್ತದೆ, ಬಣ್ಣದ ಮುಖದ ಮೇಲೆಲ್ಲ ಮರಳು ಎರಚಿದಂಥ ಕಾಳು. ಅದೇ ಜಾಗದಲ್ಲಿ ಆರ್‌ಎಫ್ 50 ಎಫ್/1.8 ಹಾಕಿದರೆ ಹನ್ನೆರಡು ಪಟ್ಟು ಹೆಚ್ಚು ಬೆಳಕು ಒಳಬರುತ್ತದೆ, ಐಎಸ್ಒ 1000ಕ್ಕೆ ಇಳಿಯುತ್ತದೆ. ಎಂಥ ದುಬಾರಿ ಬಾಡಿ ಕೊಂಡರೂ ಈ ಪ್ರಮಾಣದ ಲಾಭ ಬಾಡಿಯಿಂದ ಬರುವುದಿಲ್ಲ. ಈ ಲೆನ್ಸ್ 160 ಗ್ರಾಂ, ಕ್ಯಾನನ್ ಆರ್‌ಎಫ್ ಸಾಲಿನ ಅಗ್ಗದವುಗಳಲ್ಲಿ ಒಂದು. ಐಎಸ್ ಇಲ್ಲ, ಹಾಗಾಗಿ ಶಟರನ್ನು 1/125ಕ್ಕಿಂತ ಕೆಳಗೆ ಬಿಡಬೇಡಿ. ಇದರ ನೋಟ ಫಿಲ್ಮ್ ಲೆಕ್ಕದಲ್ಲಿ 80 ಮಿಲಿಮೀಟರಿನದು. ಮುಖಚಿತ್ರಕ್ಕೆ ಬಹಳ ಚೆಂದ, ಸಣ್ಣ ಖೋಲಿಯೊಳಗೆ ಇಡೀ ಕುಟುಂಬ ನಿಲ್ಲಿಸಲು ಆಗುವುದಿಲ್ಲ.

ಅದಕ್ಕೇ ನಮ್ಮ ಸಲಹೆ ಇದು: 18–45 ಇರುವ ಒಂದೇ ಲೆನ್ಸಿನ ಕಿಟ್, ಜೊತೆಗೆ 50 ಎಫ್/1.8. ಎರಡು ಲೆನ್ಸಿನ ಕಿಟ್ಟಿನಲ್ಲಿ ಬರುವ 55–210 ಎಫ್/5–7.1 ಹಗಲಿನ ಬಿಸಿಲಿಗೆ ಕೆಲಸ ಮಾಡುತ್ತದೆ, ಸಂಜೆ ಆರರ ನಂತರ ಚೀಲ ಸೇರುತ್ತದೆ. ಆಲಮಟ್ಟಿ ಹಿನ್ನೀರಿಗೆ ಬರುವ ರಾಜಹಂಸಗಳನ್ನು ತೆಗೆಯುವ ಆಸೆಯಿಂದ ಇದನ್ನು ಕೊಳ್ಳುವವರಿದ್ದಾರೆ. ಅವು ದಡದಿಂದ ದೂರ, ಆಳವಿಲ್ಲದ ನೀರಿನಲ್ಲಿ ನಿಲ್ಲುತ್ತವೆ, 210ಕ್ಕೆ ಬಿಳಿ ಚುಕ್ಕೆಗಳ ಸಾಲು ಮಾತ್ರ ಸಿಗುತ್ತದೆ. ಹಕ್ಕಿಗೆ 400 ಮಿಲಿಮೀಟರಿನಿಂದ ಮಾತು ಶುರು.

ಇನ್ನೊಂದು ದಾರಿ ಇದೆ, ಅದನ್ನು ಧೂಳಿನ ಕಾರಣಕ್ಕೆ ಗಂಭೀರವಾಗಿ ಪರಿಗಣಿಸಿ: ಆರ್‌ಎಫ್-ಎಸ್ 18–150. ಒಂದೇ ಲೆನ್ಸು, 310 ಗ್ರಾಂ, ಐಎಸ್ ಇದೆ, ಗುಡಿಯ ಮುಂಭಾಗದಿಂದ ಶಿಖರದ ಮೇಲಿನ ಕೆತ್ತನೆಯವರೆಗೆ ಎಲ್ಲಕ್ಕೂ ಆಗುತ್ತದೆ. ಜಾತ್ರೆಯ ನಡುವೆ, ಜೋಳದ ರಾಶಿಯ ಕಣದಲ್ಲಿ ಲೆನ್ಸ್ ಬದಲಿಸುವ ಪ್ರಸಂಗವೇ ಬರುವುದಿಲ್ಲ. ಬೆಲೆ ಜಾಸ್ತಿ, ಕತ್ತಲಿಗೆ ಇದೂ ದುರ್ಬಲವೇ.

ಸಿಗ್ಮಾ 18–50 ಎಫ್/2.8 ಕೂಡ 2024ರಿಂದ ಕ್ಯಾನನ್ ಆರ್‌ಎಫ್ ಮೌಂಟಿಗೆ ಸಿಗುತ್ತಿದೆ. ಅದು ಕಿಟ್ ಲೆನ್ಸಿನ ಜಾಗವನ್ನೇ ತುಂಬುವ, ಬಹಳ ಚೂಪಾದ ಲೆನ್ಸ್, ಆದರೆ ಐಎಸ್ ಇಲ್ಲ. ಒಂದು ವರುಷ ಬಿಟ್ಟು ನೋಡಬಹುದು.

ಎಲ್ಲಿ ತೊಡಕು ಬರುತ್ತದೆ

ಮೊದಲನೆಯದು ಫ್ಲ್ಯಾಶ್. ಆರ್50ರ ತಲೆಯ ಮೇಲಿನ ಶೂದಲ್ಲಿ ಹಳೆಯ ಮಾದರಿಯ ಸಂಪರ್ಕ ಬಿಂದುಗಳಿಲ್ಲ. ಕಾಕಾ, ಮಾಮಾ ಯಾರಾದರೂ ಸ್ಟುಡಿಯೋ ನಡೆಸುತ್ತಿದ್ದು, ಅವರ ಹಳೆಯ ಫ್ಲ್ಯಾಶ್ ಅಥವಾ ಟ್ರಿಗರ್ ಸಿಕ್ಕೀತೆಂದು ನಂಬಿ ಕೂತರೆ ಅದು ಉರಿಯುವುದಿಲ್ಲ. ಕ್ಯಾನನ್ನಿನ ಎಡಿ-ಇ1 ಎಂಬ ಅಡಾಪ್ಟರ್ ಬೇಕು, ಅದಕ್ಕೆ ಬೇರೆ ದುಡ್ಡು. ಒಳಗೇ ಇರುವ ಪುಟ್ಟ ಫ್ಲ್ಯಾಶಿನ ಗೈಡ್ ನಂಬರ್ 6. ಅಂದರೆ ಐಎಸ್ಒ 100, ಎಫ್/4ರಲ್ಲಿ ಒಂದೂವರೆ ಮೀಟರಿನವರೆಗೆ ಮಾತ್ರ ಬೆಳಕು. ಐಎಸ್ಒ 1600ಕ್ಕೆ ಏರಿಸಿದರೆ ಆರು ಮೀಟರ್. ಹುಟ್ಟುಹಬ್ಬದ ಕೇಕಿಗೆ ಸಾಕು, ಕಲ್ಯಾಣ ಮಂಟಪಕ್ಕೆ ಸಾಲದು. ಸೆಕೆಂಡ್ ಹ್ಯಾಂಡ್ ಕ್ಯಾನನ್ 200ಡಿ ಮಾರ್ಕ್ 2 ನೋಡುತ್ತಿರುವವರೂ ಎಚ್ಚರ: ಅದರ ಶೂ ನಡುವಿನ ಪಿನ್ನನ್ನೂ ಕ್ಯಾನನ್ ತೆಗೆದುಹಾಕಿದೆ. ಬರೀ ನಡುಪಿನ್ನಿನ ಮೇಲೆ ನಡೆಯುವ ಅಗ್ಗದ ಫ್ಲ್ಯಾಶುಗಳು ಅದರ ಮೇಲೂ ಉರಿಯುವುದಿಲ್ಲ.

ಎರಡನೆಯದು ಬ್ಯಾಟರಿ. ಎಲ್‌ಪಿ-ಇ17 ಸಣ್ಣದು, 1040 ಎಂಎಎಚ್. ಕನ್ನಡಿ ಇರುವ 200ಡಿ ಮಾರ್ಕ್ 2ರಲ್ಲಿ ಇದೇ ಬ್ಯಾಟರಿ ಪ್ರಮಾಣಿತ ಪರೀಕ್ಷೆಯಲ್ಲಿ 1070 ಚಿತ್ರ ಬರುತ್ತದೆ, ಏಕೆಂದರೆ ಅಲ್ಲಿ ನೀವು ನೋಡುವುದು ಗಾಜಿನ ಮೂಲಕ. ಇಲ್ಲಿ ಸೆನ್ಸರ್, ಪರದೆ ಸದಾ ಎಚ್ಚರವಿರುವುದರಿಂದ ಅದರ ಅರ್ಧವೂ ಬರುವುದಿಲ್ಲ. ಒಂದೇ ದಿನ ಬಾದಾಮಿ, ಪಟ್ಟದಕಲ್ಲು, ಐಹೊಳೆ ಮೂರೂ ಮುಗಿಸುವವರು ಎರಡನೇ ಬ್ಯಾಟರಿ ಇಲ್ಲದೆ ಮನೆ ಬಿಡಬಾರದು. ಬೇರೆ ಕಂಪನಿಯ ಅಗ್ಗದ ಬ್ಯಾಟರಿಗಳಲ್ಲಿ ಕೆಲವನ್ನು ಮೂಲ ಚಾರ್ಜರ್ ಒಪ್ಪುವುದಿಲ್ಲ, ಕೆಲವು ಉಳಿದ ಚಾರ್ಜನ್ನು ತೋರಿಸುವುದಿಲ್ಲ. ತಗೊಳ್ಳುವುದೇ ಆದರೆ ಅಂಗಡಿಯಲ್ಲೇ ಚಾರ್ಜರಿಗೆ ಹಾಕಿ ದೀಪ ನೋಡಿ. ಯುಎಸ್‌ಬಿ-ಸಿ ಮೂಲಕವೂ ಚಾರ್ಜ್ ಆಗುತ್ತದೆ, ಆದರೆ ಪಿಡಿ (ಪವರ್ ಡೆಲಿವರಿ) ಇರುವ ಅಡಾಪ್ಟರ್ ಬೇಕು. ಹಳೆಯ ಮೊಬೈಲ್ ಚಾರ್ಜರ್ ಚುಚ್ಚಿ ಬೆಳಗ್ಗೆ ನೋಡಿದರೆ ಬ್ಯಾಟರಿ ಹಾಗೇ ಇರುತ್ತದೆ.

ಶಟರಿನ ವಿಷಯ ಸ್ವಲ್ಪ ಸೂಕ್ಷ್ಮ. ಆರ್50ರಲ್ಲಿ ಶಟರ್ ತೆರೆಯುವ ಮೊದಲ ಪರದೆ ಎಲೆಕ್ಟ್ರಾನಿಕ್, ಮುಚ್ಚುವ ಎರಡನೆಯದು ಯಾಂತ್ರಿಕ. ಗರಿಷ್ಠ 1/4000. 50 ಎಫ್/1.8 ಪೂರ್ತಿ ತೆರೆದು, ಬಿಸಿಲಿನಲ್ಲಿ 1/2000ಕ್ಕಿಂತ ಮೇಲೆ ಹೋದರೆ ಹಿನ್ನೆಲೆಯ ದುಂಡನೆ ಮಸುಕುಗಳು ಅರ್ಧ ಕತ್ತರಿಸಿದಂತೆ ಕಾಣುತ್ತವೆ. ಎಫ್/2.8ಕ್ಕೆ ಇಳಿಸಿದರೆ ಹೋಗುತ್ತದೆ. ಪೂರ್ತಿ ಎಲೆಕ್ಟ್ರಾನಿಕ್ ಶಟರಿಗೆ ಬದಲಿಸಿದರೆ ಸದ್ದಿಲ್ಲ, ಸೆಕೆಂಡಿಗೆ 15 ಚಿತ್ರ. ಕಾರಹುಣ್ಣಿಮೆಯಲ್ಲಿ ಕರಿ ಹರಿಯುವಾಗ, ಅಂದರೆ ಎತ್ತುಗಳನ್ನು ಓಡಿಸುವಾಗ, ಇದು ಬಹಳ ಆಸೆ ಹುಟ್ಟಿಸುತ್ತದೆ, ಬಳಸಬೇಡಿ. ಸೆನ್ಸರು ಮೇಲಿನಿಂದ ಕೆಳಗೆ ಸಾಲುಸಾಲಾಗಿ ಓದುವಷ್ಟರಲ್ಲಿ ಎತ್ತು ಮುಂದೆ ಹೋಗಿರುತ್ತದೆ, ಕಾಲುಗಳು ಓರೆಯಾಗಿ ಬಾಗುತ್ತವೆ. ಎಲೆಕ್ಟ್ರಾನಿಕ್ ಮೊದಲ ಪರದೆಯಲ್ಲೇ ಸೆಕೆಂಡಿಗೆ 12 ಬರುತ್ತದೆ, ಸಾಕು. ಅಂಥ ಹೊತ್ತಿನಲ್ಲಿ ರಾ (ಸಂಸ್ಕರಿಸದ, ದೊಡ್ಡ) ಫೈಲ್ ಬಿಟ್ಟು ಜೆಪೆಗ್‌ಗೆ ಬನ್ನಿ. ರಾ ಇಟ್ಟರೆ ಒಂದು ಸೆಕೆಂಡ್ ದಾಟುವ ಮುನ್ನವೇ ಬಫರ್ (ಕ್ಯಾಮೆರಾದ ತಾತ್ಕಾಲಿಕ ಸ್ಮೃತಿ) ತುಂಬಿ ಕ್ಯಾಮೆರಾ ಏದುಸಿರು ಬಿಡುತ್ತದೆ. ಫೋಕಸ್ ಗುರುತಿಸುವ ಪ್ರಾಣಿಗಳಲ್ಲಿ ನಾಯಿ, ಬೆಕ್ಕು, ಹಕ್ಕಿ ಇವೆ, ಎತ್ತಿಗೆಂದು ಬೇರೆ ಗುರುತಿಲ್ಲ. ಕೊಂಬಿಗೆ ಕಟ್ಟಿದ ಗೊಂಡೆಯ ಮೇಲೆ ಫೋಕಸ್ ಹಾರಬಾರದೆಂದರೆ ಸಣ್ಣ ವಲಯ ಆರಿಸಿ, ಸರ್ವೋ (ಫೋಕಸ್ ಬೆನ್ನಟ್ಟುತ್ತಲೇ ಇರುವ ವಿಧಾನ) ಇಟ್ಟು, 1/1000 ಮೇಲೆ ಶಟರ್ ಹಿಡಿಯಿರಿ.

ಎಲ್‌ಇಡಿ ದೀಪದ ಕೆಳಗೆ ಚಿತ್ರಕ್ಕೆ ಅಡ್ಡಪಟ್ಟೆ ಬರುವುದು ಇನ್ನೊಂದು ಸಾಮಾನ್ಯ ದೂರು. ನಮ್ಮ ವಿದ್ಯುತ್ತು 50 ಹರ್ಟ್ಸಿನದು, ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಶಟರನ್ನು 1/50 ಅಥವಾ 1/100ಕ್ಕೆ ಹೊಂದಿಸಿದರೆ ಪಟ್ಟೆ ಬಹುಪಾಲು ಹೋಗುತ್ತದೆ. ವಿಡಿಯೋಗೆ ಮೆನುವಿನಲ್ಲಿ ಎನ್‌ಟಿಎಸ್‌ಸಿ ಇದ್ದರೆ ಪಾಲ್‌ಗೆ ಬದಲಿಸಿ. ಆಗ 4ಕೆ ಸೆಕೆಂಡಿಗೆ 25 ಚೌಕಟ್ಟಿನಲ್ಲಿ ಬರುತ್ತದೆ, 1/50 ಶಟರಿನೊಂದಿಗೆ ಹೊಂದಿಕೊಳ್ಳುತ್ತದೆ. ವಿಡಿಯೋದ ಗುಣಮಟ್ಟ ಈ ಬೆಲೆಗೆ ಬಹಳ ಒಳ್ಳೆಯದು: 4ಕೆಯಲ್ಲೂ ಚೌಕಟ್ಟು ಕಿರಿದಾಗುವುದಿಲ್ಲ. ಮೈಕ್ ಸಿಗಿಸಲು 3.5 ಮಿಲಿಮೀಟರ್ ಕಿಂಡಿ ಇದೆ, ಧ್ವನಿ ಕೇಳಲು ಹೆಡ್‌ಫೋನ್ ಕಿಂಡಿ ಇಲ್ಲ. ಬಹಳಷ್ಟು ಕ್ಯಾಮೆರಾಗಳಂತೆ ಇದಕ್ಕೂ ಕೆಲಸದ ತಾಪಮಾನ 40 ಡಿಗ್ರಿ ಸೆಲ್ಸಿಯಸ್‌ವರೆಗೆ. ಮೇ ತಿಂಗಳ ಬಿಸಿಲಲ್ಲಿ ಕಪ್ಪು ಬಾಡಿಯನ್ನು ಟ್ರೈಪಾಡಿನ ಮೇಲೆ ಬಿಟ್ಟು 4ಕೆ ಓಡಿಸಿದರೆ ಬಿಸಿಯಾಗಿ ನಿಂತೀತು. ಮೇಲೊಂದು ಕೊಡೆ ಹಿಡಿಸಿ, ಪರದೆಯನ್ನು ಬಾಡಿಯಿಂದ ಹೊರಗೆ ತಿರುಗಿಸಿಡಿ.

ಕಾರ್ಡು ಬ್ಯಾಟರಿಯ ಬಾಗಿಲೊಳಗೇ ಇದೆ, ಒಂದೇ. ಟ್ರೈಪಾಡ್ ತಟ್ಟೆ ಕಟ್ಟಿದರೆ ಬಾಗಿಲು ತೆರೆಯದು. ಯುಎಚ್‌ಎಸ್-1, ವಿ30 ಎಂದು ಬರೆದ 64 ಅಥವಾ 128 ಜಿಬಿ ಕಾರ್ಡ್ ಸಾಕು. ಯುಎಚ್‌ಎಸ್-2 ಕಾರ್ಡಿಗೆ ಹೆಚ್ಚು ದುಡ್ಡು ಕೊಟ್ಟರೆ ಈ ಕ್ಯಾಮೆರಾದಲ್ಲಿ ವೇಗ ಸಿಗುವುದಿಲ್ಲ. ನಕಲಿ ಕಾರ್ಡುಗಳು ಬಹಳ. 128 ಎಂದು ಬರೆದದ್ದರ ಒಳಗೆ 16 ಇರುತ್ತದೆ, ತುಂಬಿದ ಮೇಲೆ ಹಳೆಯ ಚಿತ್ರಗಳ ಮೇಲೇ ಬರೆಯುತ್ತದೆ. ಎಚ್‌ಟುಟೆಸ್ಟ್‌ಡಬ್ಲ್ಯೂ ಎಂಬ ಉಚಿತ ತಂತ್ರಾಂಶದಿಂದ ಕಂಪ್ಯೂಟರಿನಲ್ಲಿ ಒಮ್ಮೆ ಪೂರ್ತಿ ತುಂಬಿಸಿ ಪರೀಕ್ಷಿಸಿ, ಆಮೇಲೆ ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ.

ಕಲ್ಲಿನ ಬಣ್ಣ

ಬಾದಾಮಿಯ ಕೆಂಪು ಮರಳುಗಲ್ಲನ್ನು ಯಾವ ಕ್ಯಾಮೆರಾವೂ ಆಟೋದಲ್ಲಿ ಸರಿಯಾಗಿ ಹಿಡಿಯುವುದಿಲ್ಲ. ಚೌಕಟ್ಟಿನ ತುಂಬ ಕೆಂಪೇ ಇದ್ದರೆ ಆಟೋ ವೈಟ್ ಬ್ಯಾಲೆನ್ಸ್ ಅದನ್ನು ತಪ್ಪೆಂದು ಭಾವಿಸಿ ನೀಲಿ ಬೆರೆಸುತ್ತದೆ, ಕಲ್ಲು ಬೂದಿಯಾಗುತ್ತದೆ. ಡೇಲೈಟ್, ಅಂದರೆ 5200 ಕೆಲ್ವಿನ್‌ಗೆ ಇಟ್ಟುಬಿಡಿ, ಕಲ್ಲಿನ ಜೀವ ಮರಳುತ್ತದೆ. ಗುಹೆಗಳು ಉತ್ತರಕ್ಕೆ ಮುಖ ಮಾಡಿರುವುದರಿಂದ ನೇರ ಬಿಸಿಲು ಒಳಗೆ ನುಗ್ಗುವುದಿಲ್ಲ, ಅಂಗಳದ ಕಲ್ಲಿಗೆ ಬಡಿದು ತಿರುಗಿದ ಮೆತ್ತನೆಯ ಬೆಳಕು ಬರುತ್ತದೆ. ಮೊದಲ ಗುಹೆಯ ಹದಿನೆಂಟು ಕೈಗಳ ನಟರಾಜನ ಮುಂದೆ ಫ್ಲ್ಯಾಶ್ ಹಾರಿಸಿದರೆ ಆ ಕೈಗಳ ನೆರಳೇ ಅಳಿದುಹೋಗಿ ಶಿಲ್ಪ ಹಲಗೆಯಂತೆ ಚಪ್ಪಟೆಯಾಗುತ್ತದೆ. 578ರ ಶಾಸನವಿರುವ ಮೂರನೇ ಗುಹೆಯ ಚಾವಣಿಯಲ್ಲಿ ಬಣ್ಣದ ಚಿತ್ರಗಳ ಅವಶೇಷವಿದೆ, ಅಲ್ಲಿಯಂತೂ ಫ್ಲ್ಯಾಶ್ ಮಡಚಿಯೇ ಇರಲಿ. ಭೂತನಾಥ ಗುಡಿ ಕೆರೆಯ ಮೂಡಣ ದಡದಲ್ಲಿ ಪಡುವಣಕ್ಕೆ ಮುಖ ಮಾಡಿ ನಿಂತಿದೆ, ಅದಕ್ಕೆ ಸಂಜೆಯೇ ಹೋಗಬೇಕು.

ಬೆಳಗಾವಿ ಕೋಟೆಯೊಳಗಿನ ಕಮಲ ಬಸದಿ ಕಪ್ಪು ಕಲ್ಲಿನದು. ಕ್ಯಾಮೆರಾದ ಮೀಟರು ಕಪ್ಪನ್ನು ಬೂದು ಮಾಡಲು ಹೊರಡುತ್ತದೆ, ಚಿತ್ರ ಬೆಳ್ಳಗೆ ತೇಲುತ್ತದೆ. ಎಕ್ಸ್‌ಪೋಷರ್ ಕಾಂಪೆನ್ಸೇಷನ್ (ಚಿತ್ರದ ಬೆಳಕು ಏರಿಳಿಸುವ ಹೊಂದಿಕೆ) ಮೈನಸ್ 1ರ ಹತ್ತಿರ ಇಟ್ಟು ನೋಡಿ. ಬಿಳಿ ಧೋತರ, ಬಿಳಿ ರುಮಾಲಿನ ಹಿರಿಯರು ಚೌಕಟ್ಟು ತುಂಬಿದಾಗ ಇದರ ಉಲ್ಟಾ, ಪ್ಲಸ್ ಮೂರನೇ ಎರಡು.

ಅಂಗಡಿಯಲ್ಲಿ

ವಿಜಯಪುರವಾಗಲಿ, ಬಾಗಲಕೋಟೆಯಾಗಲಿ, ಬೆಳಗಾವಿಯಾಗಲಿ, ಒಂದು ಮಾತು ಕಿವಿಗೆ ಬೀಳುತ್ತದೆ: “ಸರ್, ಇಂಪೋರ್ಟ್ ಪೀಸ್ ಐತ್ರಿ, ಬಿಲ್ ಬ್ಯಾಡಂದ್ರ ರೇಟ್ ಭಾಳ ಕಮ್ಮಿ ಆಗ್ತೈತ್ರಿ.” ಬೇಡ ಎನ್ನಿ. ಕ್ಯಾಮೆರಾ ಮೇಲಿನ ಜಿಎಸ್‌ಟಿ ಶೇ 18. ಅದನ್ನು ಉಳಿಸಲು ಹೋಗಿ ಭಾರತದ ಖಾತರಿಯನ್ನೇ ಕಳೆದುಕೊಳ್ಳುತ್ತೀರಿ. ಡಬ್ಬಿಯ ಮೇಲಿನ, ಬಾಡಿಯ ತಳದ, ಬಿಲ್ಲಿನ ಮೇಲಿನ ಸೀರಿಯಲ್ ನಂಬರ್ ಮೂರೂ ಒಂದೇ ಇರಬೇಕು. ಲೆನ್ಸಿನ ನಂಬರನ್ನೂ ಬಿಲ್ಲಿನಲ್ಲಿ ಬರೆಸಿ. ಕಿಟ್ ಒಡೆದು ಲೆನ್ಸ್ ಬೇರೆ, ಬಾಡಿ ಬೇರೆ ಮಾರುವುದುಂಟು, ಅಂಥ ಲೆನ್ಸ್ ಬರೀ ಬಿಳಿ ಡಬ್ಬಿಯಲ್ಲಿ ಬರುತ್ತದೆ. ಕೆಟ್ಟದ್ದೇನಲ್ಲ, ಬಿಲ್ ಇದ್ದರೆ ಸಾಕು, ಬೆಲೆ ಮಾತ್ರ ಇಳಿಸಿಕೊಳ್ಳಿ. ಉಚಿತವೆಂದು ಕೊಡುವ ಚೀಲ, ಮೂರು ಕಾಲಿನ ಪುಟ್ಟ ಸ್ಟ್ಯಾಂಡು, ಹೆಸರಿಲ್ಲದ ಯುವಿ ಫಿಲ್ಟರ್ ಇವುಗಳ ಬದಲಿಗೆ “ಒಂದ್ ಒರಿಜಿನಲ್ ಬ್ಯಾಟರಿ ಕೊಡ್ರಿ ಅಣ್ಣಾರ” ಎಂದು ಕೇಳಿ, ಚೌಕಾಸಿಗೆ ಅದೇ ಸರಿಯಾದ ಜಾಗ. ಅಗ್ಗದ ಫಿಲ್ಟರ್ ದೀಪದ ಎದುರು ಚಿತ್ರದಲ್ಲಿ ಹಸಿರು ಭೂತ ಮೂಡಿಸುತ್ತದೆ.

ಹೊರಡುವ ಮುನ್ನ ಲೆನ್ಸ್ ಪರೀಕ್ಷೆ. ಅಂಗಡಿಯ ಎದುರಿನ ಚಪ್ಪಟೆ ಗೋಡೆ ಅಥವಾ ಡಬ್ಬಿಗಳ ಕಪಾಟಿಗೆ ನೇರವಾಗಿ ನಿಂತು, 18ರಲ್ಲಿ ಎಫ್/4.5, 45ರಲ್ಲಿ ಎಫ್/6.3, ಎರಡು ಚಿತ್ರ. ದೊಡ್ಡದು ಮಾಡಿ ನಾಲ್ಕೂ ಮೂಲೆ ನೋಡಿ. ನಾಲ್ಕೂ ಒಂದೇ ರೀತಿ ತುಸು ಮೆತ್ತಗಿದ್ದರೆ ಸಹಜ. ಮೂರು ಚೂಪು, ಒಂದು ಮಾತ್ರ ಕಲಸಿದ್ದರೆ ಗಾಜು ವಾಲಿದೆ, ಬೇರೆ ಪೀಸ್ ಕೇಳಿ. ಮುಚ್ಚಳ ಹಾಕಿ ಮ್ಯಾನ್ಯುಯಲ್‌ನಲ್ಲಿ 1 ಸೆಕೆಂಡಿನ ಒಂದು ಚಿತ್ರ ತೆಗೆದು, ಕಪ್ಪಿನಲ್ಲಿ ಕೆಂಪು, ಬಿಳಿ ಚುಕ್ಕೆ ಬಹಳ ಇದೆಯೇ ನೋಡಿ.

ಕೈಯಲ್ಲಿ ಹಣ ಕಡಿಮೆ ಇದ್ದರೆ ಸೆಕೆಂಡ್ ಹ್ಯಾಂಡ್ ನಿಕಾನ್ ಡಿ5600 ಇಂದಿಗೂ ಮರ್ಯಾದೆಯ ಆಯ್ಕೆ: 24.2 ಮೆಗಾಪಿಕ್ಸೆಲ್, ತಿರುಗುವ ಮುಟ್ಟುಪರದೆ, ಒಂದು ಚಾರ್ಜಿಗೆ 970 ಚಿತ್ರ, ಬರೀ ನಡುಪಿನ್ನಿನ ಅಗ್ಗದ ಫ್ಲ್ಯಾಶನ್ನೂ ಒಪ್ಪುವ ಸಾದಾ ಶೂ. ಕನ್ನಡಿಯೂ ಶಟರೂ ಸೆನ್ಸರಿನ ಮುಂದೆ ಇರುವುದರಿಂದ ಲೆನ್ಸ್ ಬದಲಿಸುವಾಗ ಧೂಳಿನ ಭಯ ಕಡಿಮೆ. ಆದರೆ ಇದರ ಬಾಡಿಯಲ್ಲಿ ಫೋಕಸ್ ಮೋಟರ್ ಇಲ್ಲ. 50 ಎಫ್/1.8 ಕೊಳ್ಳುವಾಗ ಹೆಸರಿನ ಕೊನೆಗೆ ಡಿ ಇರುವುದನ್ನು ಬಿಟ್ಟು ಎಎಫ್-ಎಸ್, ಜಿ ಎಂದಿರುವುದನ್ನೇ ತಗೊಳ್ಳಿ, ಡಿ ಲೆನ್ಸಿಗೆ ಕೈಯಿಂದಲೇ ಫೋಕಸ್ ಮಾಡಬೇಕಾಗುತ್ತದೆ. ಹಳೆಯದು ಕೊಳ್ಳುವಾಗ ಎಫ್/16ರಲ್ಲಿ ಬಿಳಿ ಗೋಡೆಯ ಚಿತ್ರ ತೆಗೆದರೆ ಸೆನ್ಸರಿನ ಧೂಳು ಕರಿ ಚುಕ್ಕೆಯಾಗಿ ಕಾಣುತ್ತದೆ. ಲೆನ್ಸಿನ ಹಿಂದಿನಿಂದ ಟಾರ್ಚ್ ಬಿಟ್ಟು ಓರೆಯಾಗಿ ನೋಡಿದರೆ ಬೂಷ್ಟಿನ ಎಳೆಗಳು ಜೇಡನ ಬಲೆಯ ಹಾಗೆ ಹೊಳೆಯುತ್ತವೆ. ಎಳೆ ಕಂಡರೆ ಎಷ್ಟೇ ಅಗ್ಗವಾದರೂ ಬೇಡ.

ಮನೆಗೆ ತಂದ ಮೇಲೆ

ಆರ್50ರಲ್ಲಿ ಲೆನ್ಸ್ ತೆಗೆದರೆ ಸೆನ್ಸರ್ ಬಟಾಬಯಲು. ಕ್ಯಾಮೆರಾ ಆಫ್ ಮಾಡಿ, ಗಾಳಿಗೆ ಬೆನ್ನು ಕೊಟ್ಟು, ಮೂತಿ ಕೆಳಗೆ ಹಿಡಿದು, ಹೊಸ ಲೆನ್ಸಿನ ಹಿಂದಿನ ಮುಚ್ಚಳ ಮೊದಲೇ ಸಡಿಲಿಸಿಟ್ಟು ಬದಲಿಸಿ. ಧೂಳು ಕೂತರೆ ರಬ್ಬರಿನ ಬ್ಲೋವರಿನಿಂದ ಮಾತ್ರ ಊದಿ. ಬಾಯಿಂದ ಊದಿದರೆ ಉಗುಳಿನ ಹನಿ ಅಂಟುತ್ತದೆ, ಕಂಪ್ಯೂಟರ್ ಅಂಗಡಿಯ ಗಾಳಿ ಡಬ್ಬಿಯಿಂದ ಊದಿದರೆ ತಣ್ಣನೆಯ ದ್ರವ ಚಿಮ್ಮಿ ಕಲೆಯಾಗುತ್ತದೆ. ಮುಂದಿನ ಗಾಜಿನ ಮೇಲಿನ ಮಣ್ಣನ್ನು ಅಂಗಿಯ ತುದಿಯಿಂದ ಒರೆಸಬೇಡಿ, ಮೊದಲು ಊದಿ, ಆಮೇಲೆ ಮೈಕ್ರೋಫೈಬರ್ ಬಟ್ಟೆ. ಈ ಕ್ಯಾಮೆರಾಕ್ಕೆ ಮಳೆ, ಧೂಳಿನ ರಕ್ಷಣೆಯ ಸೀಲ್ ಇಲ್ಲ. ಗೋಕಾಕ ಜಲಪಾತದ ತುಂತುರಿನ ಎದುರು ನಿಲ್ಲುವುದಾದರೆ ಪ್ಲಾಸ್ಟಿಕ್ ಚೀಲಕ್ಕೆ ಲೆನ್ಸಿನ ಅಳತೆಯ ತೂತು ಮಾಡಿ, ರಬ್ಬರ್ ಬ್ಯಾಂಡಿನಿಂದ ಬಿಗಿದು ಬಳಸಿ.

ವಿಜಯಪುರ, ಬಾಗಲಕೋಟೆಯವರಿಗೆ ಶತ್ರು ಧೂಳಾದರೆ ಬೆಳಗಾವಿಯವರಿಗೆ ಮಳೆಗಾಲದ ತೇವ. ಜೂನಿನಿಂದ ಸೆಪ್ಟೆಂಬರ್ ತನಕ ಕ್ಯಾಮೆರಾವನ್ನು ಬಟ್ಟೆಯ ಚೀಲದಲ್ಲಿಟ್ಟು ಕಪಾಟಿಗೆ ಸೇರಿಸಿದರೆ ಲೆನ್ಸಿನೊಳಗೆ ಬೂಷ್ಟು ಹಿಡಿಯುತ್ತದೆ. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಕಾಲು ಕಿಲೋ ಸಿಲಿಕಾ ಜೆಲ್, ಜೊತೆಗೆ ತೇವ ತೋರಿಸುವ ಸಣ್ಣ ಮೀಟರ್ ಇಡಿ. ಮುಳ್ಳು 40ರಿಂದ 50ರ ನಡುವೆ ಇರಲಿ. 60 ದಾಟಿದರೆ ಅಥವಾ ಜೆಲ್ಲಿನ ಬಣ್ಣ ತಿರುಗಿದರೆ, ಕಾಳುಗಳನ್ನು ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಮೂಲ ಬಣ್ಣ ಬರುವ ತನಕ ಹುರಿದು, ಪೂರ್ತಿ ಆರಿದ ಮೇಲೆ ಡಬ್ಬಿಗೆ ಹಾಕಿ. ಆ ಬಾಣಲೆಯನ್ನು ಅಡುಗೆಗೆ ಬಳಸಬೇಡಿ.